ಅಂತರ್ಜಾಲದ ಚಿತ್ರಗಳೂ ನ್ಯಾಯದ ಪ್ರಮಾಣವೂ

ಶಾಸನವೊಂದು ದೊರೆತಾಗ ವಿದ್ವಾಂಸನು ಅದರ ಸ್ಥಳಕಾಲಗಳನ್ನು ನಿರ್ಣಯಿಸಿ, ಕೂಟಶಾಸನವಲ್ಲವೆಂದು ನಿಶ್ಚಯಿಸಿಕೊಂಡ ಮೇಲೆಯೇ ಚರಿತ್ರೆಯನ್ನು ಹೇಳತೊಡಗುವನು. ಯುದ್ಧಭೂಮಿಗಳಿಂದ ಅಂತರ್ಜಾಲಕ್ಕೆ ಬಂದು ಸೇರುವ ಚಲಚ್ಚಿತ್ರಗಳ ವಿಷಯದಲ್ಲಿಯೂ ಈ ಕ್ರಮವೇ ಅವಶ್ಯಕ.

೨೦೧೬ರಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯು ಬರ್ಕ್ಲಿ, ಎಸೆಕ್ಸ್, ಪ್ರಿಟೋರಿಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಸ್ವಯಂಸೇವಕರನ್ನಾಗಿ ಕೂಡಿಸಿ ಈ ಪರಿಶೋಧನೆಯಲ್ಲಿ ತೊಡಗಿಸಿತು. ಇವರಲ್ಲಿ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳೂ ಉಂಟು. ಗೋಪುರ, ಬೆಟ್ಟದ ಸಾಲು, ನೆರಳಿನ ದಿಕ್ಕು ಮೊದಲಾದುವನ್ನು ಉಪಗ್ರಹಚಿತ್ರಗಳೊಡನೆ ಹೋಲಿಸಿ ಸ್ಥಳಕಾಲಗಳನ್ನು ಗೊತ್ತುಮಾಡುವುದೂ, ಹಳೆಯ ಚಿತ್ರವನ್ನು ಹೊಸದೆಂದು ಸಾರಿದ್ದರೆ ಅದನ್ನು ಬಯಲಿಗೆ ತರುವುದೂ ಇವರ ಕೆಲಸ.

ಇಂತಹ ಚಿತ್ರಗಳ ಬೆಲೆಯೇನೆಂಬುದು ೨೦೧೭ರ ಆಗಸ್ಟಿನಲ್ಲಿ ಸ್ಪಷ್ಟವಾಯಿತು. ಲಿಬಿಯದ ಮಹಮೂದ್ ಅಲ್-ವರ್ಫಲ್ಲಿಯು ೭ ಪ್ರಸಂಗಗಳಲ್ಲಿ ೩೩ ಜನರನ್ನು ಕೊಂದನು ಅಥವಾ ಕೊಲ್ಲಿಸಿದನು ಎಂಬ ಆರೋಪದ ಮೇಲೆ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವು ಬಂಧನಾಜ್ಞೆಯನ್ನು ಹೊರಡಿಸಿತು. ಸಾಮಾಜಿಕ ಜಾಲಗಳಲ್ಲಿ ಹರಡಿದ್ದ ಚಲಚ್ಚಿತ್ರಗಳೇ ಅದಕ್ಕೆ ಮುಖ್ಯಾಧಾರ. ಆತನು ಮೃತನಾದುದರಿಂದ ೨೦೨೨ರಲ್ಲಿ ಮೊಕದ್ದಮೆ ಮುಗಿಯಿತು. ಪ್ರಮಾಣದ ಪ್ರಶ್ನೆ ಮಾತ್ರ ಮುಗಿಯಲಿಲ್ಲ.

ಹಿಂಸೆಯ ಚಿತ್ರಗಳನ್ನು ಯೂಟ್ಯೂಬ್, ಫೇಸ್‌ಬುಕ್ ಮೊದಲಾದವು ತಮ್ಮ ನಿಯಮಾನುಸಾರವಾಗಿ ಅಳಿಸುವುದುಂಟು. ನೋಡುವವರ ರಕ್ಷಣೆಗೆ ಇದು ಯುಕ್ತವೇ. ಆದರೆ ಹತರಾದವರ ಪಕ್ಷದ ಏಕೈಕ ಸಾಕ್ಷಿಯೂ ಅದರೊಡನೆ ಅಳಿಯಬಹುದು. ಬರ್ಕ್ಲಿಯ ಮಾನವಹಕ್ಕುಗಳ ಕೇಂದ್ರವೂ ವಿಶ್ವಸಂಸ್ಥೆಯ ಮಾನವಹಕ್ಕುಗಳ ಕಚೇರಿಯೂ ೨೦೨೦ರಲ್ಲಿ ಹೊರತಂದ ‘ಬರ್ಕ್ಲಿ ಪ್ರೋಟೋಕಾಲ್’ ಸಂಗ್ರಹ, ಸಂರಕ್ಷಣೆ, ಪರಿಶೋಧನೆಗಳ ವಿಧಿಗಳನ್ನು ಹೇಳುವುದಲ್ಲದೆ, ಶೋಧಕರ ಮನಸ್ಸಿನ ಕ್ಷೇಮವನ್ನೂ ಗಣನೆಗೆ ತಂದಿದೆ. ಒಂದೇ ಪ್ರತಿಯುಳಿದ ಓಲೆಗ್ರಂಥದಂತೆ ಇಂತಹ ಚಿತ್ರವನ್ನು ಮೊದಲು ಕಾಪಾಡಬೇಕು. ಮೂಲವೇ ಅಳಿದ ಮೇಲೆ ಪರಿಶೋಧನೆಗೆ ಎಡೆಯಿಲ್ಲ.