ನಿಮಗಿದು ಗೊತ್ತೇ? ಯಾವ ರನ್ ಯಾರ ಖಾತೆಗೆ?

ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಭಾರತೀಯರ ಪೈಕಿ ಅತಿ ದೊಡ್ಡ ಇನಿಂಗ್ಸ್ ಇಂದಿಗೂ ಕೊಲ್ಹಾಪುರದವರ ಹೆಸರಿನಲ್ಲೇ ಇದೆ. ಇಲ್ಲೇ ಹುಟ್ಟಿ, 2012ರಲ್ಲಿ ಇಲ್ಲೇ ತೀರಿಕೊಂಡ ಭಾವುಸಾಹೇಬ ನಿಂಬಾಳ್ಕರ್ 1948ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಪರ ಕಾಠಿಯಾವಾಡದ ವಿರುದ್ಧ ಹೊಡೆದದ್ದು 443. ಅದರಲ್ಲಿ 49 ಬೌಂಡರಿ, 1 ಸಿಕ್ಸರ್. ಬ್ರಾಡ್ಮನ್ ಅವರ ಅಂದಿನ ದಾಖಲೆ 452ಕ್ಕೆ ಇನ್ನು 9 ರನ್ ಬೇಕಿತ್ತು. ಅಷ್ಟರಲ್ಲಿ ಎದುರಾಳಿ ನಾಯಕ ಪಂದ್ಯವನ್ನೇ ಬಿಟ್ಟುಕೊಟ್ಟರು. ಅಂಥ ಪ್ರಸಂಗವನ್ನು ಸ್ಕೋರ್ ಪುಸ್ತಕದಲ್ಲಿ ಬರೆಯುವುದು ಹೇಗೆ? 443ರ ಪಕ್ಕ ಒಂದು ನಕ್ಷತ್ರ, ಅಂದರೆ ‘ಔಟಾಗದೆ’. ಇಷ್ಟು ಹೊಡೆದವರಿಗೆ ಒಂದೇ ಒಂದು ಟೆಸ್ಟ್ ಆಡುವ ಅವಕಾಶವೂ ಸಿಗಲಿಲ್ಲ ಎಂಬುದನ್ನು ಈಗ ಓದಿದರೂ ಸಂಕಟವಾಗುತ್ತದೆ.

ಬ್ರಾಡ್ಮನ್ ದಾಖಲೆ ಮುರಿದದ್ದು ಹನೀಫ್ ಮೊಹಮ್ಮದ್, 1959ರಲ್ಲಿ, ಕರಾಚಿಯಲ್ಲಿ. ದಿನದ ಕೊನೆಯ ಓವರಿನಲ್ಲಿ ಅವರು ನಿಜಕ್ಕೂ 498ರಲ್ಲಿದ್ದರು, ಮೈದಾನದ ಬೋರ್ಡು ತೋರಿಸುತ್ತಿದ್ದದ್ದು 496. ಸ್ಟ್ರೈಕ್ ಉಳಿಸಿಕೊಳ್ಳಲು ಎರಡನೇ ರನ್ನಿಗೆ ಓಡಿ 499ಕ್ಕೆ ರನ್ ಔಟಾದರು.

ಈಗ ಗಡಹಿಂಗ್ಲಜ್, ಇಚಲಕರಂಜಿ ಕಡೆಯ ಟೆನಿಸ್ ಬಾಲ್ ಪಂದ್ಯದಲ್ಲೂ ಮೊಬೈಲ್ ಆ್ಯಪ್‌ನಲ್ಲಿ ಸ್ಕೋರ್ ಹಾಕಬಹುದು. ಕೂಡಿಸುವ ಕೆಲಸ ಆ್ಯಪ್‌ನದು, ಯಾವ ಬಟನ್ ಒತ್ತಬೇಕೆಂಬ ತೀರ್ಮಾನ ಮಾತ್ರ ಸ್ಕೋರರ್‌ನದೇ. ನೋಬಾಲ್ ಬ್ಯಾಟಿಗೂ ಮೈಗೂ ತಾಗದೆ ಕೀಪರ್‌ನನ್ನೂ ದಾಟಿ ಹೋಯಿತು, ಇಬ್ಬರೂ ಓಡಿ ಎರಡು ರನ್ ಮುಗಿಸಿದರು ಎನ್ನಿ. ತಂಡಕ್ಕೆ ಮೂರು. 2017ರ ನಿಯಮದಂತೆ ಇದರಲ್ಲಿ ಒಂದು ನೋಬಾಲ್, ಎರಡು ಬೈ. ಬೌಲರ್ ತಲೆಗೆ ಒಂದೇ ರನ್. ಅವಸರದಲ್ಲಿ ‘ನೋಬಾಲ್ ಜೊತೆ ಬ್ಯಾಟಿನಿಂದ 2’ ಒತ್ತಿದರೆ ಮೊತ್ತ ಸರಿಯಾಗಿಯೇ ಕಾಣುತ್ತದೆ, ಆದರೆ ಬ್ಯಾಟರ್‌ಗೆ ಹೊಡೆಯದ ಎರಡು ರನ್ ಸೇರಿರುತ್ತದೆ, ಬೌಲರ್‌ಗೆ ಕೊಡದ ಎರಡು ರನ್ ಅಂಟಿರುತ್ತದೆ. ಮೊತ್ತ ತಾಳೆಯಾಗುವ ತಪ್ಪೇ ಹಿಡಿಯಲು ಕಷ್ಟ.

ವೈಡ್‌ಗೆ ಲೆಕ್ಕವೇ ಬೇರೆ. ವೈಡ್ ಬೌಂಡರಿಗೆ ಹೋದರೆ ಐದೂ ವೈಡ್, ಐದೂ ಬೌಲರ್ ತಲೆಗೆ.

ಬ್ಯಾಟರ್ ಎದುರಿಸಿದ ಎಸೆತಗಳಲ್ಲಿ ನೋಬಾಲ್ ಸೇರುತ್ತದೆ, ವೈಡ್ ಸೇರುವುದಿಲ್ಲ.

ವೈಡ್ ಎಸೆತಕ್ಕೆ ಸ್ಟಂಪ್ ಔಟ್ ಆಗಬಹುದೇ? ಆಗಬಹುದು, ವಿಕೆಟ್ ಬೌಲರ್‌ಗೇ. ಓವರಿನ ಎಸೆತ ಮಾತ್ರ ಇನ್ನೂ ಬಾಕಿ.

ಬೈ, ಲೆಗ್ ಬೈ ಎಷ್ಟು ಬಂದರೂ ಓವರ್ ಮೇಡನ್ನೇ. ಒಂದು ವೈಡ್ ಬಿದ್ದರೆ ಮೇಡನ್ ಹೋಯಿತು.

2022ರ ಅಕ್ಟೋಬರ್ 23, ಮೆಲ್ಬೋರ್ನ್, ಪಾಕಿಸ್ತಾನದ ಎದುರು ಕೊನೆಯ ಓವರ್. ನೋಬಾಲ್‌ಗೆ ಕೊಹ್ಲಿ ಸಿಕ್ಸರ್ ಹೊಡೆದರು. ಮುಂದಿನದು ವೈಡ್, ಹಾಗಾಗಿ ಫ್ರೀ ಹಿಟ್ ಉಳಿಯಿತು. ಆಮೇಲಿನ ಚೆಂಡು ಸ್ಟಂಪಿಗೇ ಬಡಿದು ಹಿಂದಕ್ಕೆ ಓಡಿತು, ಬ್ಯಾಟರ್‌ಗಳು ಮೂರು ರನ್ ಕದ್ದರು. ಪುಸ್ತಕದಲ್ಲಿ ಅದು 3 ಬೈ: ಕೊಹ್ಲಿಗೂ ಇಲ್ಲ, ಬೌಲರ್ ನವಾಜ್ ಲೆಕ್ಕಕ್ಕೂ ಇಲ್ಲ.

ರನ್ ಔಟ್ ಬೌಲರ್ ಖಾತೆಗೆ ಬರುವುದಿಲ್ಲ. 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ 74 ರನ್ನಿಗೆ ಹತ್ತು ವಿಕೆಟ್ ಕಿತ್ತ ದಿನ ಒಂದೇ ಒಂದು ರನ್ ಔಟ್ ಆಗಿದ್ದರೂ ಹತ್ತು ಒಂಬತ್ತಾಗುತ್ತಿತ್ತು.

ಬೇಸ್‌ಬಾಲ್‌ನಲ್ಲಿ ಇದಕ್ಕಿಂತ ವಿಚಿತ್ರ ಉಂಟು. ಮೂರನೇ ಸ್ಟ್ರೈಕ್ ಚೆಂಡನ್ನು ಕ್ಯಾಚರ್ ಕೈಬಿಟ್ಟರೆ ಬ್ಯಾಟರ್ ಓಡಿ ಮೊದಲ ಬೇಸ್ ಸೇರಿ ಉಳಿಯಬಹುದು, ಆದರೂ ಪಿಚರ್ ಲೆಕ್ಕಕ್ಕೆ ಸ್ಟ್ರೈಕ್‌ಔಟ್ ಬರೆಯಬೇಕು. ಹೀಗೆ ಮೂರೇ ಔಟ್ ಇರುವ ಇನಿಂಗ್ಸ್‌ನಲ್ಲಿ ನಾಲ್ಕು ಸ್ಟ್ರೈಕ್‌ಔಟ್ ಸಾಧ್ಯ. ಆ ಆಟದ ಅಂಕಪಟ್ಟಿಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಮೊದಲು ಕ್ರಿಕೆಟ್ ವರದಿಗಾರರಾಗಿದ್ದರು.

2019ರ ವಿಶ್ವಕಪ್ ಫೈನಲ್‌ನಲ್ಲಿ ಸ್ಟೋಕ್ಸ್ ಬ್ಯಾಟಿಗೆ ತಗುಲಿ ಓವರ್‌ಥ್ರೋ ಬೌಂಡರಿಗೆ ಹೋದಾಗ ಅಂಪೈರ್ ಕೊಟ್ಟದ್ದು ಆರು. ಫೀಲ್ಡರ್ ಎಸೆಯುವ ಕ್ಷಣಕ್ಕೆ ಬ್ಯಾಟರ್‌ಗಳು ಎರಡನೇ ರನ್ನಿಗೆ ಪರಸ್ಪರ ದಾಟಿರಲಿಲ್ಲ, ಐದೇ ಸಲ್ಲಬೇಕಿತ್ತು ಎಂದು ಮಾಜಿ ಅಂಪೈರ್ ಸೈಮನ್ ಟಾಫೆಲ್ ಆಮೇಲೆ ಹೇಳಿದರು. ಆದರೆ ಸ್ಕೋರರ್ ಬರೆಯಬೇಕಾದದ್ದು ಆರನ್ನೇ. ಅಂಪೈರ್ ಸನ್ನೆ ಒಪ್ಪಿಕೊಂಡು ಕೈ ಎತ್ತಿ ತಿಳಿಸುವುದು ಅವನ ಕರ್ತವ್ಯ.

ಹಳೇ ಅಭ್ಯಾಸದವರು ಇನ್ನೂ ಎಡವುವುದು ಇಲ್ಲಿ: 2022ರ ಅಕ್ಟೋಬರಿನಿಂದ, ಕ್ಯಾಚ್ ಆಗುವ ಮುನ್ನ ಬ್ಯಾಟರ್‌ಗಳು ದಾಟಿದ್ದರೂ ಹೊಸದಾಗಿ ಬಂದವನೇ ಸ್ಟ್ರೈಕ್‌ಗೆ. ಅದು ಓವರಿನ ಕೊನೆಯ ಎಸೆತವಾಗಿದ್ದರೆ ಮಾತ್ರ ಬೇರೆ. ಆ್ಯಪ್ ತಾನಾಗಿ ಸ್ಟ್ರೈಕ್ ಬದಲಿಸಿದರೆ ಮುಂದಿನ ಎಸೆತಕ್ಕೆ ಮೊದಲೇ ತಿದ್ದಿ. ಒಂದು ಎಸೆತ ತಡವಾದರೂ ರನ್ ಬೇರೆಯವರ ಹೆಸರಿಗೆ ಹೋಗುತ್ತದೆ.

ನಿಯಮ ಕೇಳುವುದು ಇಬ್ಬರು ಸ್ಕೋರರ್‌ಗಳನ್ನು. ಮೊಬೈಲ್ ಒಂದೇ ಇದ್ದರೆ ಪಕ್ಕದಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂರಲಿ, ಓವರಿಗೊಮ್ಮೆ ಇಬ್ಬರೂ ತಾಳೆ ನೋಡಿಕೊಳ್ಳಲಿ.