ಕುಂಸಿಯ ಜಗಲಿಯಲ್ಲಿ ಗಣಕಪಾಠ

ಕುಂಸಿ ಎಂಬ ಊರಿನ ಹೆಸರನ್ನು ಗಣಕಯಂತ್ರದಲ್ಲಿ ಕನ್ನಡದಲ್ಲೇ ಬರೆಯುವುದಕ್ಕೆ ಐದು ಕೀಲಿಗಳನ್ನು ಒತ್ತಿದರೆ ಸಾಕು. ಆ ಐದನ್ನು ತಡೆತಡೆದು ಒತ್ತಿ, ತಾವು ಮದುವೆಯಾಗಿ ಬಂದು ಬಾಳುತ್ತಿರುವ ಊರಿನ ಹೆಸರು ಬಿಳಿಯ ಪರದೆಯ ಮೇಲೆ ತಮ್ಮ ಬೆರಳಿನಿಂದಲೇ ಮೂಡಿದುದನ್ನು ಕಂಡ ಗೃಹಿಣಿಯೊಬ್ಬರು, ಕುಳಿತಲ್ಲಿಂದಲೇ ಒಳಮನೆಯತ್ತ ತಿರುಗಿ, “ಅತ್ತೇ, ಇಲ್ಲಿ ಬನ್ನಿ, ಬಂದು ನೋಡಿ” ಎಂದು ಕೂಗಿದರು. ಗಣಕಶಿಕ್ಷಣವನ್ನು ಕುರಿತ ವರದಿಗಳನ್ನೂ ಅಂಕಿ ಅಂಶಗಳನ್ನೂ ಸಾಕಷ್ಟು ಓದಿದ್ದ ನನಗೆ, ಅವುಗಳಲ್ಲಿ ಯಾವುದೂ ತಿಳಿಸದಿದ್ದ ಸಂಗತಿಯೊಂದು ಆ ಕೂಗಿನಲ್ಲಿ ತಿಳಿಯಿತು. ಈ ಲೇಖನಕ್ಕೆ ಅದೇ ಪ್ರೇರಣೆ.

ಶಿವಮೊಗ್ಗೆಯಿಂದ ಸಾಗರದ ಹೆದ್ದಾರಿಯನ್ನು ಹಿಡಿದು ಹೊರಟವರಿಗೆ ಆಯನೂರನ್ನು ದಾಟಿದ ಮೇಲೆ ಸಿಗುವ ಈ ಹೋಬಳಿ ಕೇಂದ್ರವನ್ನು ವಾಚಕರಲ್ಲಿ ಅನೇಕರು ಬಸ್ಸಿನಿಂದಲೋ ತಾಳಗುಪ್ಪದ ರೈಲಿನಿಂದಲೋ ಕಂಡೇ ಇರುತ್ತಾರಾದ್ದರಿಂದ ಊರಿನ ವರ್ಣನೆಗೆ ತೊಡಗುವುದಿಲ್ಲ. ನಾನು ಹೇಳುತ್ತಿರುವ ಮಹಿಳೆ ಸ್ವಸಹಾಯ ಸಂಘಗಳ ಒಕ್ಕೂಟವೊಂದರಲ್ಲಿ ಮುಖ್ಯ ಪುಸ್ತಕ ಬರಹಗಾರರು, ಅಂದರೆ ಮೇನ್ ಬುಕ್ ಕೀಪರ್; ಸಂಘದವರೆಲ್ಲರ ಬಾಯಲ್ಲಿ ಅವರು ‘ಎಂಬಿಕೆ ಅಕ್ಕ’. ನಗದು ಪುಸ್ತಕ, ಉಳಿತಾಯ ಪುಸ್ತಕ, ಸಾಲದ ಲೆಡ್ಜರ್, ನಡಾವಳಿ ಪುಸ್ತಕ ಇವೆಲ್ಲವನ್ನೂ ವರ್ಷಗಳಿಂದ ದುಂಡಾದ ಅಕ್ಷರಗಳಲ್ಲಿ ಬರೆದುಕೊಂಡು ಬಂದ ಅವರು ಹತ್ತನೆಯ ತರಗತಿಯ ಆಚೆಗೆ ಓದಿದವರಲ್ಲ. ಸಂಘಗಳ ಲೆಕ್ಕವೆಲ್ಲ ಲೋಕೋಸ್ ಎಂಬ ಮೊಬೈಲ್ ಆ್ಯಪಿಗೆ ಏರತೊಡಗಿದಾಗ, ಅಲ್ಲಿ ತುಂಬಿಸಿದುದು ಸರಿಯೇ ತಪ್ಪೇ ಎಂದು ತಾಳೆ ನೋಡುವುದಕ್ಕೆ ತಮ್ಮದೇ ಆದ ಲೆಕ್ಕವೊಂದು ಗಣಕಯಂತ್ರದಲ್ಲಿ ಇರಬೇಕೆಂದು ಅವರಿಗೆ ತೋರಿತಂತೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಮಗ ತನ್ನ ಹಳೆಯ ಲ್ಯಾಪ್‌ಟಾಪನ್ನು ಕೊಟ್ಟುಹೋದ. ಅದರ ಜೊತೆಗೆ ಬೊಂಬಾಯಿಯ ಐಐಟಿಯವರು ನಡೆಸುವ ‘ಸ್ಪೋಕನ್ ಟ್ಯುಟೋರಿಯಲ್’ ಎಂಬ ಆನ್‌ಲೈನ್ ಪಾಠಮಾಲೆಯನ್ನೂ ತೋರಿಸಿಕೊಟ್ಟ. ಹೆಂಚಿನ ಮಾಡಿನ ಆ ಮನೆಯ ಒಳಗೆ ಸಿಗ್ನಲ್ ಸಿಗದ ಕಾರಣ ಜಗಲಿಯೇ ಪಾಠಶಾಲೆಯಾಯಿತು.  

ನಮ್ಮ ಹಳ್ಳಿಗರಿಗೂ ಗಣಕಯಂತ್ರಕ್ಕೂ ಮೊದಲ ಸಂಬಂಧ ಬೆಳೆದುದು ಪಹಣಿಯ ಮೂಲಕವೆಂದರೆ ತಪ್ಪಾಗದು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಿಂದ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ತಾಲ್ಲೂಕು ಕಚೇರಿಗಳ ಗಣಕಗಳನ್ನು ಸೇರಿದವು. ಆದರೆ ರೈತನು ಕಿಟಕಿಯ ಹೊರಗೇ ನಿಂತಿದ್ದನು, ಕೀಲಿಮಣೆ ಒಳಗಿದ್ದವರ ಕೈಯಲ್ಲಿತ್ತು. ಒಳಗಿದ್ದವರಿಗಾಗಿ 2012ರಲ್ಲಿ ರಾಜ್ಯ ಸರ್ಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳನ್ನು ಜಾರಿಗೆ ತಂದಿತು. ಅದರ ಗಡುವು ಎಷ್ಟು ಸಲ ಮುಂದೆ ಹೋಯಿತೆಂಬುದನ್ನು ಸರ್ಕಾರಿ ನೌಕರರ ಮನೆಯವರೆಲ್ಲ ಬಲ್ಲರು. ಹೊರಗಿದ್ದವರಿಗಾಗಿ 2017ರಲ್ಲಿ ಕೇಂದ್ರ ಸರ್ಕಾರವು ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನಕ್ಕೆ 2,351 ಕೋಟಿ ರೂಪಾಯಿಗಳ ಅಂದಾಜಿನಲ್ಲಿ ಒಪ್ಪಿಗೆಯಿತ್ತಿತು: ಹಳ್ಳಿಯ ಮನೆಗೊಬ್ಬರಂತೆ 6 ಕೋಟಿ ಜನ, 14ರಿಂದ 60ರ ವಯಸ್ಸು, 20 ಗಂಟೆಗಳ ಪಾಠ, ಕೊನೆಗೊಂದು ಆನ್‌ಲೈನ್ ಪರೀಕ್ಷೆ. 2024ರ ಮಾರ್ಚ್ ಅಂತ್ಯಕ್ಕೆ ಅದು ಮುಗಿಯುವ ವೇಳೆಗೆ 6.39 ಕೋಟಿ ಜನ ತರಬೇತಿ ಪಡೆದಿದ್ದರು, 4.77 ಕೋಟಿ ಜನರಿಗೆ ಪ್ರಮಾಣಪತ್ರ ದೊರೆತಿತ್ತು. ಪ್ರಯತ್ನ ಬೃಹತ್ತಾದುದು, ಸಂದೇಹವಿಲ್ಲ. ಆದರೂ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಿ ತೇರ್ಗಡೆಯಾದವನು ಪಂಚಾಯಿತಿಗೆ ನಾಲ್ಕು ಸಾಲಿನ ಅರ್ಜಿಯೊಂದನ್ನು ತನ್ನ ಭಾಷೆಯಲ್ಲಿ ತಾನೇ ಟೈಪು ಮಾಡಬಲ್ಲನೇ ಎಂಬ ಪ್ರಶ್ನೆಗೆ ಆ ಪ್ರಮಾಣಪತ್ರ ಉತ್ತರ ಕೊಡಲಾರದು. ನನಗಂತೂ ಅದೇ ಮುಖ್ಯವಾದ ಪ್ರಶ್ನೆ.

ಐಐಟಿಯ ಪಾಠಮಾಲೆಯ ವಿಷಯದಲ್ಲಿ ನನಗೆ ಗೌರವವಿದೆ. ಪ್ರಾಧ್ಯಾಪಕ ಕಣ್ಣನ್ ಮೌದ್ಗಲ್ಯರ ನೇತೃತ್ವದಲ್ಲಿ ಬೆಳೆದ ಈ ಕಾರ್ಯದಲ್ಲಿ ಒಂದೊಂದು ಪಾಠವೂ ಹತ್ತು ನಿಮಿಷದ ಆಸುಪಾಸಿನದು. ಧ್ವನಿಯನ್ನು ಕನ್ನಡವೂ ಸೇರಿದಂತೆ ನಮ್ಮ ದೇಶದ ಭಾಷೆಗಳಿಗೆ ಮಾರ್ಪಡಿಸಿದ್ದಾರೆ. ಧ್ವನಿಮುದ್ರಣಕ್ಕೆ ಮೊದಲು ಪಾಠದ ಬರಹವನ್ನು ವಿಷಯವರಿಯದ ಹೊಸಬರೊಬ್ಬರಿಂದ ಓದಿಸಿ, ಅವರಿಗೆ ಎಲ್ಲಿ ತೊಡಕಾಯಿತೋ ಅಲ್ಲಿ ತಿದ್ದುವ ಪದ್ಧತಿಯನ್ನಿಟ್ಟುಕೊಂಡಿದ್ದಾರೆ. ಶುಲ್ಕವಿಲ್ಲದೆ ಇಳಿಸಿಕೊಂಡು, ಅಂತರ್ಜಾಲವಿಲ್ಲದೆಯೇ ಮತ್ತೆ ಮತ್ತೆ ಕೇಳಬಹುದು. ಮಳೆಗಾಲದ ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಪರದೆಯ ಅರ್ಧಭಾಗದಲ್ಲಿ ಪಾಠವನ್ನು ನಡೆಯಲು ಬಿಟ್ಟು, ಉಳಿದರ್ಧದಲ್ಲಿ ಕಲಿಯುವವನು ಅದನ್ನೇ ತಾನು ಮಾಡುತ್ತ, ತಪ್ಪಿದಲ್ಲಿ ಪಾಠವನ್ನು ನಿಲ್ಲಿಸಿ ಮತ್ತೆ ಮಾಡುತ್ತ ಹೋಗಬೇಕೆಂಬುದು ಅವರ ಕ್ರಮ. ಗುರುವಿನ ಎದುರು ಕುಳಿತ ಶಿಷ್ಯನು ಸಂಕೋಚದಿಂದ ‘ಇನ್ನೊಮ್ಮೆ ಹೇಳಿ’ ಎನ್ನಲಾರದೆ ಹೋಗುವುದುಂಟು. ಇಲ್ಲಿ ಆ ಸಂಕೋಚಕ್ಕೆ ಎಡೆಯಿಲ್ಲ.

ನಾನು ಪಕ್ಕದಲ್ಲಿ ಕುಳಿತಿದ್ದಾಗ ನಡೆಯುತ್ತಿದ್ದುದು ಲಿಬ್ರೆ ಆಫೀಸ್ ಕ್ಯಾಲ್ಕ್ ಎಂಬ ಲೆಕ್ಕದ ತಂತ್ರಾಂಶದ ಪಾಠ. ಆಕೆ ಒಂದು ಸಂಘದ ಸದಸ್ಯೆಯರ ವಾರದ ಉಳಿತಾಯವನ್ನು ಕಂಬಸಾಲಿನಲ್ಲಿ ತುಂಬಿಸಿ, ಅಡಿಯಲ್ಲಿ ಮೊತ್ತದ ಸೂತ್ರವನ್ನಿಟ್ಟಿದ್ದರು. ರಸೀದಿ ಸಂಖ್ಯೆಯ ಕಡೆಗೆ ಬಂದು 5/12 ಎಂದು ಹೊಡೆದೊಡನೆ ಯಂತ್ರವು ಅದನ್ನು ತಾರೀಖಾಗಿ ಮಾಡಿ ವರ್ಷವನ್ನೂ ಸೇರಿಸಿಬಿಟ್ಟಿತು. ಅಳಿಸಿ ಮತ್ತೆ ಹೊಡೆದರು; ಮತ್ತೆ ತಾರೀಖು. ಪಾಠದಲ್ಲಿ ಇದಕ್ಕೆ ಪರಿಹಾರವನ್ನು ಹುಡುಕುತ್ತ ಕೂರದೆ, ಅವರು ಅಣ್ಣನ ಮಗನಿಗೆ ಫೋನು ಮಾಡಿ, ಸಂಖ್ಯೆಯ ಮುಂದೆ ಉದ್ಧರಣದ ಒಂಟಿ ಚಿಹ್ನೆಯನ್ನು ಹಾಕಬೇಕೆಂದು ತಿಳಿದು, ಹಾಗೆಯೇ ಮಾಡಿ, ಆ ವಿಷಯವನ್ನು ನೋಟುಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ನನಗೆ ತೋರಿಸಲೆಂದೇ ಒಬ್ಬ ಸದಸ್ಯೆಯ ಇಪ್ಪತ್ತು ರೂಪಾಯಿಯನ್ನು ಐವತ್ತು ಮಾಡಿದರು. “ನೋಡಿ ಸಾರ್, ಮೇಲೆ ತಿದ್ದಿದ್ರೆ ಸಾಕು, ಕೆಳಗಿನ ಟೋಟಲ್ ತಾನೇ ಬದಲಾಗುತ್ತೆ. ಪುಸ್ತಕದಲ್ಲಾದ್ರೆ ಇಡೀ ಪುಟ ಕೂಡಿಸ್ಬೇಕಿತ್ತು.” ಇಷ್ಟನ್ನು ಹೇಳುವಾಗ ಅವರಿಗೆ ಹೆಮ್ಮೆಯಿತ್ತು. ಆದರೆ ಸದಸ್ಯೆಯರ ಹೆಸರುಗಳೆಲ್ಲ ಇಂಗ್ಲಿಷಿನ ಲಿಪಿಯಲ್ಲಿ, ಅದೂ ಮನಬಂದ ಕಾಗುಣಿತದಲ್ಲಿ, ಇದ್ದವು. ಏಕೆಂದು ಕೇಳಿದೆ. “ಕನ್ನಡ ಬರೆಯೋದು ಇನ್ನೂ ಬಂದಿಲ್ಲ ಸಾರ್, ಆ ಪಾಠ ಇನ್ನೂ ಮುಂದೆ ಇದೆ.”

ಲ್ಯಾಪ್‌ಟಾಪಿನಲ್ಲಿ ಕನ್ನಡ ಬರೆಯುವ ‘ನುಡಿ’ ತಂತ್ರಾಂಶ ಇತ್ತು. ಡಿಟಿಪಿ ಅಂಗಡಿಯ ಹುಡುಗನೊಬ್ಬ ಅದನ್ನು ಹಾಕಿಕೊಟ್ಟು, ಕೀಲಿಗಳ ನಕ್ಷೆಯ ಹಾಳೆಯೊಂದನ್ನೂ ಕೊಟ್ಟಿದ್ದನು. ಹಾಳೆ ಮಡಿಸಿಟ್ಟಂತೆಯೇ ಇತ್ತು. ಅದನ್ನು ಬಿಡಿಸಿದೆವು.

ಇಲ್ಲಿ ವಾಚಕರು ನನಗೆ ಸ್ವಲ್ಪ ಅವಕಾಶ ಕೊಡಬೇಕು. ಈ ಹಾಳೆಯಲ್ಲಿರುವ ವಿನ್ಯಾಸದ ಮೇಲೆ ನನಗೆ ಬಹುಕಾಲದ ಪ್ರೀತಿ. ಕಿನ್ನಿಕಂಬಳದ ಕೆ.ಪಿ. ರಾಯರು, ಅಕ್ಷರಜೋಡಣೆಯ ಕ್ಷೇತ್ರದಲ್ಲಿ ದುಡಿದ ಆ ವಿದ್ವಾಂಸರು, ರೂಪಿಸಿ ನಾಡಿಗೆ ಬಿಟ್ಟುಕೊಟ್ಟ ಈ ಕೀಲಿಮಣೆಯನ್ನೇ ಕನ್ನಡ ಗಣಕ ಪರಿಷತ್ತು ನುಡಿಯಲ್ಲಿ ಅಳವಡಿಸಿತು, ಸರ್ಕಾರವೂ ಶಿಷ್ಟವೆಂದು ಅಂಗೀಕರಿಸಿತು. ಅನಂತ ಸುಬ್ಬರಾಯರ ವಿನ್ಯಾಸದ ಟೈಪ್‌ರೈಟರಿನಲ್ಲಿ ಕಾಮರ್ಸ್ ಇನ್‌ಸ್ಟಿಟ್ಯೂಟಿನ ಜೂನಿಯರ್, ಸೀನಿಯರ್ ಪರೀಕ್ಷೆಗಳನ್ನು ಪಾಸು ಮಾಡಿದ ತಲೆಮಾರು ಅಕ್ಷರದ ಆಕೃತಿಯ ಭಾಗಗಳನ್ನು ಒಂದೊಂದಾಗಿ ಹೊಡೆದು ಕೂಡಿಸುತ್ತಿತ್ತು. ರಾಯರ ಕೀಲಿಮಣೆಯಲ್ಲಿ ಹೊಡೆಯುವುದು ಆಕೃತಿಯನ್ನಲ್ಲ, ಧ್ವನಿಯನ್ನು. ಕೆ ಒತ್ತಿದರೆ ಕ. ಮೇಲೆ ಯು ಒತ್ತಿದರೆ ಅದು ಕು. ಶಿಫ್ಟ್ ಹಿಡಿದು ಎಂ ಒತ್ತಿದರೆ ಅನುಸ್ವಾರ. ಎಸ್ ಒತ್ತಿ ಐ ಒತ್ತಿದರೆ ಸಿ. ಕುಂಸಿ ಮುಗಿಯಿತು. ಋಕಾರವನ್ನುಳಿದ ಹ್ರಸ್ವಸ್ವರಗಳು ಶಿಫ್ಟ್ ಇಲ್ಲದೆ, ಅವುಗಳ ದೀರ್ಘಗಳು ಅದೇ ಕೀಲಿಯಲ್ಲಿ ಶಿಫ್ಟ್ ಸಹಿತವಾಗಿ. ಅಲ್ಪಪ್ರಾಣಗಳು ಶಿಫ್ಟ್ ಇಲ್ಲದೆ, ಮಹಾಪ್ರಾಣಗಳು ಶಿಫ್ಟ್ ಸಹಿತವಾಗಿ: ಗ ಇದ್ದ ಕೀಲಿಯಲ್ಲೇ ಘ, ದ ಇದ್ದಲ್ಲೇ ಧ, ಬ ಇದ್ದಲ್ಲೇ ಭ. ದಂತ್ಯದ ನಕಾರವಿದ್ದಲ್ಲೇ ಮೂರ್ಧನ್ಯದ ಣಕಾರ, ಲಕಾರವಿದ್ದಲ್ಲೇ ಳಕಾರ. ಟ-ಠಗಳಿಗೆ ಕ್ಯೂ, ಡ-ಢಗಳಿಗೆ ಡಬ್ಲ್ಯು, ಷಕಾರಕ್ಕೆ ಎಕ್ಸ್: ಅನ್ಯಭಾಷೆಯ ಅಕ್ಷರಮಾಲೆಯಲ್ಲಿ ನಮಗೆ ಕೆಲಸಕ್ಕೆ ಬಾರದೆ ಬಿದ್ದಿದ್ದ ಕೀಲಿಗಳಿಗೆ ಸಹ ಉದ್ಯೋಗ ದೊರೆಯಿತು. ಎಲ್ಲಕ್ಕಿಂತ ನನಗೆ ಪ್ರಿಯವಾದುದು ಎಡಗೈಯ ತೋರುಬೆರಳು ಸಹಜವಾಗಿ ತಂಗುವ ಎಫ್ ಕೀಲಿ. ಹಿಂದಿನ ವ್ಯಂಜನದ ಅಕಾರವನ್ನು ಕಳೆದು ಮುಂದಿನದನ್ನು ಒತ್ತಾಗಿ ಕೂಡಿಸುವುದು ಅದರ ಕೆಲಸ. ಒತ್ತಕ್ಷರವಿಲ್ಲದೆ ಒಂದು ಸಾಲನ್ನೂ ಬರೆಯಲಾಗದ ನಮ್ಮ ಭಾಷೆಗೆ ಆ ಸ್ಥಾನವನ್ನು ಆರಿಸಿದುದು ಎಂತಹ ವಿವೇಕ! ಶಿವಮೊಗ್ಗ ಎಂಬುದಕ್ಕೆ ಇಂಗ್ಲಿಷಿನ ಕಾಗುಣಿತದಲ್ಲಿ ಹತ್ತು ಅಕ್ಷರ ಬೇಕಾದರೆ ಇಲ್ಲಿ ಎಂಟು ಕೀಲಿ, ಭದ್ರಾವತಿಗೂ ಎಂಟೇ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ನಿರೂಪಿಸಿದ ವರ್ಣವ್ಯವಸ್ಥೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ಯಾವ ಕನ್ನಡಿಗನಿಗೂ ಈ ನಕ್ಷೆಯ ಅರ್ಧಭಾಗ ಆಗಲೇ ತಿಳಿದಿರುತ್ತದೆ.

ಈ ಮಾತಿಗೆ ಸಾಕ್ಷಿ ಅಲ್ಲೇ ದೊರೆಯಿತು. ಊರಿನ ಹೆಸರನ್ನು ಬರೆದು ಅತ್ತೆಗೆ ತೋರಿಸಿ ಮುಗಿದ ಮೇಲೆ, ಆಕೆ ‘ಸಂಘ’ ಎಂದು ಬರೆಯಲು ತೊಡಗಿದರು. ಸ ಬಂತು, ಅನುಸ್ವಾರ ಬಂತು, ಮುಂದೆ ಬೆರಳು ನಿಂತಿತು. ಕಣ್ಣು ಹಾಳೆಯತ್ತ ಹೋಗುವುದಕ್ಕೆ ಮುಂಚೆ ನಾನು, ಮಹಾಪ್ರಾಣವೆಲ್ಲ ಶಿಫ್ಟಿನಲ್ಲಿ ಎಂದಷ್ಟೇ ಹೇಳಿದೆ. ಒಂದು ಕ್ಷಣ ತುಟಿಯಲ್ಲೇ “ಕ ಖ ಗ ಘ” ಎಂದುಕೊಂಡು, ಶಿಫ್ಟ್ ಹಿಡಿದು ಜಿ ಒತ್ತಿದರು. ಆಮೇಲೆ ಹಾಳೆಯನ್ನು ನೋಡದೆಯೇ ಉಳಿತಾಯ, ಸಾಲ, ಅಧ್ಯಕ್ಷರು. ‘ಧ್ಯ’ದಲ್ಲಿ ಮಾತ್ರ ಎಫ್ ಮರೆತು ಧಯ ಆಯಿತು, ತಾವೇ ಕಂಡು ತಿದ್ದಿಕೊಂಡರು. ಸೊಸೆಯ ಹಿಂದೆ ನಿಂತಿದ್ದ ಅತ್ತೆ, “ನನ್ನ ಹೆಸ್ರೂ ಬರಿಯೇ” ಎಂದರು. ಬರೆದುಕೊಟ್ಟರು. ಕ್ಯಾಲ್ಕಿನ ಪಾಠ ಪರದೆಯ ಮೂಲೆಯಲ್ಲಿ ನಿಂತಲ್ಲೇ ನಿಂತಿತ್ತು. ಅದನ್ನು ಮುಂದುವರಿಸುವ ಯೋಚನೆ ಆ ಅಪರಾಹ್ಣದಲ್ಲಿ ಯಾರಿಗೂ ಬರಲಿಲ್ಲ.

ಆದುದರಿಂದ ನನ್ನ ವಾದ ಇಷ್ಟೆ: ಕನ್ನಡಿಗರಿಗೆ ಕಲಿಸುವ ಗಣಕದ ಮೊದಲ ಪಾಠ ಕನ್ನಡದ ಕೀಲಿಮಣೆಯಾಗಿರಬೇಕು. ಐಐಟಿಯ ಲಿಬ್ರೆ ಆಫೀಸ್ ರೈಟರ್ ಪಾಠಗಳಲ್ಲಿ ಪ್ರಾದೇಶಿಕ ಭಾಷೆಗಳ ಟೈಪಿಂಗನ್ನು ಕುರಿತ ಪಾಠವೊಂದು ಉಂಟು, ಅದರಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಕನ್ನಡವನ್ನೇ ಎಂಬುದು ಸಂತೋಷದ ಸಂಗತಿ. ಆದರೆ ಚಿತ್ರ ಸೇರಿಸುವುದು, ಕೋಷ್ಟಕ ಹಾಕುವುದು, ಮುದ್ರಿಸುವುದು ಇವೆಲ್ಲವನ್ನೂ ದಾಟಿದ ಮೇಲೆ ಅದು ಬರುತ್ತದೆ. ಅಷ್ಟರಲ್ಲಿ ಕಲಿಯುವವನಿಗೆ ಯಂತ್ರವು ಇಂಗ್ಲಿಷಿನ ಸೊತ್ತೆಂಬ ಭಾವನೆ ಬೇರೂರಿರುತ್ತದೆ. ಕಿವಿಗೆ ಕನ್ನಡದ ಧ್ವನಿ ಬೀಳುತ್ತಿದ್ದರೂ ಕಣ್ಣಿನ ಮುಂದಿನ ಪರದೆ ಆ ಪಾಠಗಳಲ್ಲಿ ಇಂಗ್ಲಿಷಿನಲ್ಲೇ ಉಳಿದಿರುವುದು ಈ ಭಾವನೆಯನ್ನು ಬಲಪಡಿಸುತ್ತದೆ. ಲಿಬ್ರೆ ಆಫೀಸಿಗೆ ಕನ್ನಡದ ಮುಖಪಟವೂ ಇದೆ. ಅದನ್ನು ತೋರಿಸಿ ಕಲಿಸುವವರು ಬೇಕಾಗಿದ್ದಾರೆ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ನೆಲೆ ದೊರೆತಿರುವಾಗ, ತಂತ್ರಜ್ಞಾನದ ಕೊರತೆಯೆಂಬ ನೆವವನ್ನು ಇನ್ನು ಯಾರೂ ಹೇಳಬಾರದು. ಕೊರತೆಯಿರುವುದು ಪಾಠದ ಅನುಕ್ರಮದಲ್ಲಿ. ಲೆಕ್ಕ, ಪತ್ರ, ಅರ್ಜಿ ಇವು ಮೂರೂ ಹೆಸರುಗಳಿಂದ ಆರಂಭವಾಗತಕ್ಕವು. ಸ್ವಂತ ಹೆಸರನ್ನು ಸ್ವಂತ ಲಿಪಿಯಲ್ಲಿ ಬರೆಯಬಲ್ಲವನಿಗೆ ಉಳಿದುದನ್ನು ಕಲಿಯುವ ಧೈರ್ಯ ತಾನಾಗಿ ಬರುತ್ತದೆಂಬುದನ್ನು ನಾನು ಜಗಲಿಯ ಮೇಲೆ ಕುಳಿತು ಕಂಡಿದ್ದೇನೆ.

ಹೊರಡುವಾಗ ಅವರು ಮುಂದಿನ ಯೋಜನೆಯನ್ನು ಹೇಳಿದರು. ಒಕ್ಕೂಟದ ಮುಂದಿನ ಸಭೆಯ ನಡಾವಳಿಯನ್ನು ಕನ್ನಡದಲ್ಲಿ ಟೈಪು ಮಾಡಿ, ಪೆನ್‌ಡ್ರೈವಿನಲ್ಲಿ ಒಯ್ದು, ಅದೇ ಡಿಟಿಪಿ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ಪುಸ್ತಕಕ್ಕೆ ಅಂಟಿಸಬೇಕಂತೆ. ಹಾರನಹಳ್ಳಿಯ ಕಡೆಯ ಇಬ್ಬರು ಪುಸ್ತಕ ಬರಹಗಾರರು ತಮಗೂ ಕಲಿಸಬೇಕೆಂದು ಬಹಳ ದಿನಗಳಿಂದ ಕೇಳುತ್ತಿದ್ದಾರೆ, ಶನಿವಾರ ಬರಹೇಳುತ್ತೇನೆ ಎಂದರು. ಅವರಿಗೂ ಮೊದಲ ಪಾಠದಿಂದಲೇ ವಿಡಿಯೋ ತೋರಿಸುತ್ತೀರಾ ಎಂದು ಕೇಳಿದೆ. “ಇಲ್ಲ ಸಾರ್. ವಿಡಿಯೋ, ಮೌಸು ಎಲ್ಲ ಆಮೇಲೆ. ಮೊದ್ಲು ಈ ಹಾಳೆ ಕೊಟ್ಟು, ನಿಮ್ಮ ನಿಮ್ಮ ಸಂಘದ ಹೆಸ್ರು ಬರೀರಿ ಅಂತೀನಿ.” ಹಾಳೆಯನ್ನು ಜೆರಾಕ್ಸ್ ಮಾಡಿಸುವುದಕ್ಕೆ ಆಗಲೇ ನೋಟುಪುಸ್ತಕದ ನಡುವೆ ತೆಗೆದಿಟ್ಟುಕೊಂಡಿದ್ದರು.