ಕೋಡಿಯ ಮಠದ ಅಕ್ಕಿ

ಶಿರಾಳಕೊಪ್ಪದ ಸಮೀಪದ ಬಳ್ಳಿಗಾವಿಯನ್ನು ಇಂದು ಕಂಡವರಿಗೆ, ಅದು ಒಂದು ಕಾಲದಲ್ಲಿ ಬನವಾಸಿ ಹನ್ನೆರಡು ಸಾಸಿರದ ರಾಜಧಾನಿಯಾಗಿತ್ತೆಂದರೆ ನಂಬಿಕೆ ಹುಟ್ಟುವುದು ಕಷ್ಟ. ಹಂಚಿನ ಮನೆಗಳು, ಗದ್ದೆಗಳು, ಅಲ್ಲಲ್ಲಿ ಕಲ್ಲಿನ ಗುಡಿಗಳು, ಇಷ್ಟೆ. ಆದರೆ ಶಾಸನಗಳು ಬೇರೊಂದು ಊರನ್ನೇ ಕಣ್ಣಮುಂದೆ ನಿಲ್ಲಿಸುತ್ತವೆ. 1047ರಲ್ಲಿ ಚಾವುಂಡರಾಯರಸನು ಇಲ್ಲಿ ಗಂಡಭೇರುಂಡದ ಕಂಬವನ್ನು ನಿಲ್ಲಿಸಿದನು. 1065ರಲ್ಲಿ ರೂಪಭಟ್ಟಯ್ಯನು ಬೌದ್ಧವಿಹಾರವನ್ನು ಕಟ್ಟಿಸಿದನು. ಹರಿ, ಹರ, ಬ್ರಹ್ಮ, ಜಿನ, ಬುದ್ಧರೈವರ ಮಠಗಳೂ ಒಂದೇ ಊರಿನಲ್ಲಿದ್ದುವು. ಬೇಲೂರಿನ ಮದನಿಕೆಯರನ್ನು ಕಡೆದವರಲ್ಲೊಬ್ಬನಾದ ದಾಸೋಜನು ಈ ಊರಿನವನು. ಅಲ್ಲಮಪ್ರಭುವಿನ ಹುಟ್ಟೂರೂ ಇದೇ ಎಂಬುದು ಪರಂಪರೆಯ ನಂಬಿಕೆ.

ಇವೆಲ್ಲಕ್ಕಿಂತ ಮಿಗಿಲಾಗಿ ನನ್ನನ್ನು ಸೆಳೆದದ್ದು 1162ರ ಕೋಡಿಯ ಮಠದ ಶಾಸನ. ವೇದ, ಷಡ್ದರ್ಶನ, ಪಾಣಿನಿ ಶಾಕಟಾಯನಾದಿಗಳ ವ್ಯಾಕರಣ ಇವುಗಳ ಅಧ್ಯಯನ, ದೀನರಿಗೆ, ಅನಾಥರಿಗೆ, ಕುರುಡರಿಗೆ, ಕಿವುಡರಿಗೆ ಅನ್ನದಾನ, ರೋಗಿಗಳಿಗೆ ಔಷಧ. ಇಷ್ಟೂ ಆ ಮಠದಲ್ಲಿ ನಡೆಯುತ್ತಿದ್ದುವು.

ಈ ಶಾಸನವನ್ನು ತರಗತಿಯಲ್ಲಿ ಹಲವು ವರುಷ ಪಾಠ ಹೇಳಿದ್ದೇನೆ. ಸಂಧಿ ಸಮಾಸಗಳನ್ನು ಬಿಡಿಸಿ, ಕರ್ತವ್ಯ ಮುಗಿಯಿತೆಂದು ಪುಸ್ತಕ ಮುಚ್ಚಿದ್ದೇನೆ. ಒಮ್ಮೆ ಒಕ್ಕಲು ಮನೆತನದ ಹುಡುಗನೊಬ್ಬನು ಹಿಂದಿನ ಬೆಂಚಿನಿಂದೆದ್ದು ಕೇಳಿದನು: “ಸಾರ್, ಇಷ್ಟು ಜನಕ್ಕೆ ದಿನಾ ಉಣ್ಣಕ್ಕೆ ಅಕ್ಕಿ ಎಲ್ಲಿಂದ ಬರ್ತಿತ್ತು?” ತರಗತಿ ನಕ್ಕಿತು. ನಾನೂ ನಕ್ಕು, “ದಾನಿಗಳಿಂದ” ಎಂದು ಅವನನ್ನು ಕುಳ್ಳಿರಿಸಿದೆ.

ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮುಂದೊಂದು ದಿನ ಬಳ್ಳಿಗಾವಿಗೆ ಹೋಗಿ, ಕೇದಾರೇಶ್ವರನ ಗುಡಿಯನ್ನು ನೋಡಿ, ಕೆರೆಯ ಏರಿಯ ಮೇಲೆ ನಿಂತಾಗ ಹೊಳೆಯಿತು. ಕೋಡಿಯೆಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಎಡೆ. ತಾವರೆಗೆರೆಯ ಕೋಡಿಯ ಬಳಿಯಲ್ಲಿದ್ದುದರಿಂದಲೇ ಮಠಕ್ಕೆ ಆ ಹೆಸರು. ಕೋಡಿ ಹರಿದ ವರುಷ ಕಣಜ ತುಂಬುವ ವರುಷ. ಹುಡುಗನು ಬೇಡಿದ ಉತ್ತರ ಹೆಸರಿನಲ್ಲಿಯೇ ಇತ್ತು. ನಾನು ಮಾತ್ರ ಅಲ್ಲಿ ಷಷ್ಠೀ ವಿಭಕ್ತಿಯನ್ನಷ್ಟೇ ಕಂಡಿದ್ದೆ.

ಅರಸರು ಮಠಕ್ಕೆ ಭೂಮಿ ಬಿಟ್ಟರು, ನಿಜ. ಬಿಟ್ಟ ಭೂಮಿ ತಾನಾಗಿ ಅನ್ನವಾಗದು. ಕೆರೆಯ ಹೂಳೆತ್ತಿದವರು, ತೂಬು ಕಾಯ್ದವರು, ಕೆಸರಿನಲ್ಲಿ ಬೆನ್ನು ಬಾಗಿಸಿ ಸಸಿ ನೆಟ್ಟವರು, ಇವರ ದುಡಿಮೆಯ ಮೇಲೆ ವಿದ್ಯೆಯೂ ವೈದ್ಯವೂ ಶಿಲ್ಪವೂ ಬೆಳೆದುವು; ಊರು ರಾಜಧಾನಿಯಾಯಿತು. ಕೊಟ್ಟವರ ಹೆಸರು ಕಲ್ಲಿನಲ್ಲಿ ಉಳಿಯಿತು, ಬೆಳೆದವರದು ಉಳಿಯಲಿಲ್ಲ. ಅರಸುಮನೆತನಗಳು ಅಳಿದ ಮೇಲೆ ರಾಜಧಾನಿ ಮತ್ತೆ ಹಳ್ಳಿಯಾಯಿತು. ಗದ್ದೆಗಳು ಮಾತ್ರ ಹಾಗೆಯೇ ಇವೆ.

ನಾನು ಮರಳಿ ಬರುವ ವೇಳೆಗೆ ಆ ಹುಡುಗನು ಪರೀಕ್ಷೆ ಮುಗಿಸಿ ಊರಿಗೆ ಹೊರಟುಹೋಗಿದ್ದನು. ಅವನಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ಈಗ ವರುಷವರುಷವೂ ಹೊಸ ಹುಡುಗರಿಗೆ ಮೊದಲು ಹೇಳುತ್ತೇನೆ. ಸಂಧಿ ಬಿಡಿಸುವುದು ಆಮೇಲೆ.